ಪಿಯಾನೊ ಮುಂದೆ ತೊಡೆ ತಟ್ಟಿದ ಪೈಲ್ವಾನ್ ಗುತ್ತೆಪ್ಪ

“ಅಲ್ರೀ ಗುತ್ತೆಪ್ಪ, ಈಗ ತೊಡಿ ಯಾಕ ತಟ್ಟಿದ್ರಿ?”

“ತಟ್ಟದೆ ಹೆಂಗೆ ಕೂತ್ಕೊಳ್ಲಿ ಟೀಚರ್ರೇ?”

“ಎಲ್ಲರೂ ಹೆಂಗೆ ಕೂತ್ಕೊಂತಾರೋ ಹಂಗೆ. ಸ್ಟೂಲ್ ಐತೆ, ಹಿಂದಕ್ಕೆ ಸರಿಸ್ಬೇಕು, ಕೂತ್ಕೊಬೇಕು.”

“ಎದುರಿಗೆ ಇಷ್ಟು ದೊಡ್ಡದು ನಿಂತೈತೆ. ಸಲಾಮು ಹಾಕದೆ, ತೊಡಿ ತಟ್ಟದೆ ಸೀದಾ ಕೈ ಹಾಕಿದ್ರೆ ಅದನ್ನ ಕಳ್ಳತನ ಅಂತಾರೆ.”

“ಇದು ಕುಸ್ತಿ ಅಲ್ಲ ಪೈಲ್ವಾನ್ರೇ.”

“ನನಗೆ ಗೊತ್ತೈತೆ ಬಿಡ್ರಿ. ಅದಕ್ಕೆ ಗೊತ್ತೈತೋ ಇಲ್ಲೋ,” ಎಂದು ಗುತ್ತೆಪ್ಪ ಪಿಯಾನೊ ಕಡೆ ಗದ್ದ ತೋರಿಸಿದ. ಆಡಿದ ಮಾತಿಗೆ ಬಲ ಕೊಡಲೆಂದು ಇನ್ನೊಂದು ಸಲ ತೊಡೆ ತಟ್ಟಿದ.

ಆ ಪೆಟ್ಟಿಗೆ ನೆಲ ಅದುರಿತು, ಪಿಯಾನೊ ಅದುರಿತು, ಪಿಯಾನೊ ಮೇಲಿದ್ದ ಗಾರ್ಡ್ ಸಾಹೇಬರ ಫೋಟೊ ಕಸೂತಿ ಬಟ್ಟೆಯ ಮೇಲೆ ಸರಸರ ಜಾರಿಕೊಂಡು ಅಂಚಿಗೆ ಬಂದು ಧುಮುಕಿಯೇಬಿಟ್ಟಿತು. ನೆಲ ಇನ್ನೊಂದು ಗೇಣು ಇದೆ ಎನ್ನುವಾಗ ಗುತ್ತೆಪ್ಪ ನಿಂತಲ್ಲಿಂದಲೇ ಬಾಗಿ ಎಡಗೈ ಚಾಚಿ ಅದನ್ನು ಹಿಡಿದ, ಪಂಚೆಯ ತುದಿಯಿಂದ ಗಾಜು ಒರೆಸಿದ, ಇದ್ದ ಜಾಗದಲ್ಲೇ ಇಟ್ಟು ಸಾಹೇಬರಿಗೆ ಒಂದು ನಮಸ್ಕಾರವನ್ನೂ ಹಾಕಿದ. ನಾಲ್ಕು ಭಾನುವಾರಗಳಲ್ಲಿ ಸಾಹೇಬರು ಹೀಗೆ ಧುಮುಕಿದ್ದು ಇದು ಆರನೇ ಸಲ. ಒಳಗೆ ಅಡುಗೆಮನೆಯಲ್ಲಿ ಕೆಲಸದ ಶಹಜಾದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದು ಹೊರಗೆ ಚೆನ್ನಾಗಿಯೇ ಕೇಳಿಸಿತು.

ಇದು ಹರಿಹರದ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯ ಒಂದು ಹೆಂಚಿನ ಮನೆ, ಸಾವಿರದ ಒಂಬೈನೂರ ಅರವತ್ತಮೂರನೇ ಇಸವಿಯ ಡಿಸೆಂಬರ್ ತಿಂಗಳು, ಬೆಳಗಿನ ಹತ್ತು ಗಂಟೆ. ಮನೆ ಎಸ್ತೇರಮ್ಮ ಟೀಚರದ್ದು. ಅವರ ಯಜಮಾನರು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಯಾರೋ ಇಂಗ್ಲಿಷ್ ಆಫೀಸರು ಸ್ವದೇಶಕ್ಕೆ ಹೋಗುವಾಗ ಮಾರಿದ ಈ ಪಿಯಾನೊವನ್ನು ಅವರು ವ್ಯಾಗನ್ನಿನಲ್ಲಿ ಹೇರಿಸಿ, ತಾವೇ ಹಸಿರು ಬಾವುಟ ತೋರಿಸಿ, ತಾವೇ ಹಿಂದಿನ ಡಬ್ಬಿಯಲ್ಲಿ ಕೂತು ತಂದು, ಹೆಂಡತಿಗೆ ಮದುವೆಯ ಹತ್ತನೇ ವರ್ಷದ ಉಡುಗೊರೆ ಅಂತ ಕೊಟ್ಟಿದ್ದರು. ಸಾಹೇಬರು ತೀರಿಕೊಂಡು ಎಂಟು ವರ್ಷವಾಗಿತ್ತು. ಅವರೀಗ ಫೋಟೊದಲ್ಲಿ, ಬಾವುಟ ಕಂಕುಳಲ್ಲಿಟ್ಟುಕೊಂಡು, ಈ ಗಾಡಿ ಯಾವಾಗ ಹೊರಡುತ್ತದೆ ಎಂಬಂಥ ಮುಖ ಮಾಡಿಕೊಂಡು ನಿಂತಿದ್ದರು.

ಗುತ್ತೆಪ್ಪ ದಾವಣಗೆರೆಯ ನಿಟ್ಟುವಳ್ಳಿಯವನು. ವಯಸ್ಸು ನಲವತ್ತೈದು, ಕತ್ತು ಅಂತ ಒಂದು ಇರಬೇಕಾದ ಜಾಗದಲ್ಲಿ ಭುಜವೇ ಮುಂದುವರಿದಿದೆ, ಕೈ ಬಿಡಿಸಿದರೆ ಊಟದ ಎಲೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಗರಡಿ ಮನೆಯಲ್ಲಿ ಹುಡುಗರಿಗೆ ಸಾಮು ಕಲಿಸುತ್ತಾನೆ, ಎಂಟಕ್ಕೆ ಜಿನ್ನಿಂಗ್ ಫ್ಯಾಕ್ಟರಿಗೆ ಹೋಗಿ ಅಂಡಿಗೆ, ಅಂದರೆ ಬಿಗಿದು ಕಟ್ಟಿದ ಹತ್ತಿ ಮೂಟೆ, ಹೊರುತ್ತಾನೆ. ಇಬ್ಬರು ಉರುಳಿಸುವ ಅಂಡಿಗೆಯನ್ನು ಇವನು ಒಬ್ಬನೇ ಬೆನ್ನಿಗೆ ಹಾಕಿಕೊಂಡು, ದಾರಿಯಲ್ಲಿ ನಿಂತು ಯಾರ ಜೊತೆಯಾದರೂ ಮಳೆ ಬೆಳೆ ಮಾತಾಡಿ, ಆಮೇಲೆ ಇಳಿಸುವವನು. ಇಂಥವನಿಗೂ ಪಿಯಾನೊಗೂ ಏನು ಸಂಬಂಧ ಅಂತ ಕೇಳಿದರೆ ಒಂದು ಟ್ರಂಕಿನ ಕಥೆ ಹೇಳಬೇಕಾಗುತ್ತದೆ.

ಅವನ ಬಲಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ರಾಣೆಬೆನ್ನೂರಿನ ಪೈಲ್ವಾನನೊಬ್ಬನ ಜೊತೆ ಮುಕ್ಕಾಲು ಗಂಟೆ ಸೆಣಸಿದಾಗ ಹೀಗಾಯಿತು ಅಂತ ಗರಡಿಯ ಹುಡುಗರು ನಂಬಿದ್ದರು, ಗುತ್ತೆಪ್ಪ ಅವರ ನಂಬಿಕೆಗೆ ಅಡ್ಡ ಬಂದಿರಲಿಲ್ಲ. ನಿಜವಾಗಿ ಆದದ್ದು ಏನೆಂದರೆ, ಅವನ ಹೆಂಡತಿ ಊರಮ್ಮ ತವರಿಗೆ ಹೊರಡುವ ಗಡಿಬಿಡಿಯಲ್ಲಿ ಟ್ರಂಕಿಗೆ ಹನ್ನೊಂದು ಸೀರೆ ತುರುಕಿದ್ದಳು, ಮುಚ್ಚಳ ಕೂರುತ್ತಿರಲಿಲ್ಲ, ಗುತ್ತೆಪ್ಪ ಸೀರೆಯ ಅಂಚನ್ನು ಒಳಗೆ ತಳ್ಳುತ್ತಿದ್ದ, ಅವನು ತಳ್ಳಿ ಮುಗಿಸಿದ ಅಂದುಕೊಂಡು ಊರಮ್ಮ ಮುಚ್ಚಳದ ಮೇಲೆ ಕೂತುಬಿಟ್ಟಳು. ಊರಮ್ಮನೂ ಪೈಲ್ವಾನನಿಗೆ ತಕ್ಕ ಹೆಂಡತಿಯೇ. ಗಂಡ ಕೂಗಿದ್ದಕ್ಕೆ ಅವಳು, “ತಡಿ, ಚಿಲಕ ಇನ್ನೂ ಬಿದ್ದಿಲ್ಲ,” ಅಂದಳಂತೆ.

ಆಸ್ಪತ್ರೆಯ ಡಾಕ್ಟ್ರು ಪಟ್ಟಿ ಬಿಚ್ಚಿದ ಮೇಲೆ, ಒಂದೊಂದೇ ಬೆರಳನ್ನು ಬೇರೆಬೇರೆಯಾಗಿ ಆಡಿಸಬೇಕು, ಟೈಪಿಂಗ್ ಕಲೀರಿ, ಇಲ್ಲಾ ಯಾವುದಾದರೂ ವಾದ್ಯ ಕಲೀರಿ ಅಂದರು. ಗುತ್ತೆಪ್ಪ ಟೈಪಿಂಗ್ ಕಲಿಯಲು ಹೋದ ಮೊದಲ ದಿನವೇ ಒಂದು ಅಕ್ಷರ ಹಾಳೆಯನ್ನೂ ಹಾಳೆಯ ಹಿಂದಿದ್ದ ರಬ್ಬರ್ ಉರುಳೆಯನ್ನೂ ತೂರಿಕೊಂಡು ಹೋಯಿತು. ಟೈಪಿಂಗ್ ಮೇಷ್ಟ್ರು ಎದ್ದು ನಿಂತು ಕೈಮುಗಿದರು. ಆಮೇಲೆ ಅವನು ಹಾರ್ಮೋನಿಯಂ ರಿಪೇರಿಯ ಬಡೇಸಾಬ್ ಹತ್ತಿರ ಹೋದ. ಬಡೇಸಾಬ್ ಇವನ ಕೈಯನ್ನು ನೋಡಿದರು, ತಮ್ಮ ಪೆಟ್ಟಿಗೆಯನ್ನು ನೋಡಿದರು, ಪೆಟ್ಟಿಗೆಯನ್ನು ಮೆಲ್ಲಗೆ ಮಂಚದ ಕೆಳಕ್ಕೆ ಸರಿಸಿ, “ನೋಡಪಾ, ಇದರಾಗೆ ಒಂದು ಕೈ ಗಾಳಿ ಹಾಕಾಕೆ ಹೋಗ್ತೈತೆ. ನಿನಗೆ ಎರಡೂ ಕೈಗೆ ಕೆಲಸ ಬೇಕು. ಹರಿಹರದಾಗೆ ಒಂದು ಐತೆ. ಭಾಳ ದೊಡ್ಡದು. ನಿನಗೆ ಅದೇ ಸರಿ,” ಅಂದರು.

ಹೀಗೆ ಗುತ್ತೆಪ್ಪ ಮೊದಲ ಭಾನುವಾರ ಒಂದು ಚೀಲ ಮಂಡಕ್ಕಿ ಹೊತ್ತುಕೊಂಡು ಎಸ್ತೇರಮ್ಮನವರ ಬಾಗಿಲಲ್ಲಿ ನಿಂತ. ಫೀಸ್ ಅದೇ. ಟೀಚರ್ ಒಂದೇ ಒಂದು ನಿಯಮ ಹೇಳಿದರು:

“ಕೇಳ್ರಿ, ತಣ್ಣನೆ ಮೈ, ತಣ್ಣನೆ ಮನಸ್ಸು ಇಟ್ಕೊಂಡು ಪಿಯಾನೊ ಮುಂದೆ ಕೂರಂಗಿಲ್ಲ. ಮೊದ್ಲು ಮೈ ಬೆಚ್ಚಗೆ ಮಾಡ್ಕೊಬೇಕು, ಆಮೇಲೆ ಮನಸ್ಸು. ಆಮೇಲೆ ಕೈ ಇಡಬೇಕು.”

ಗುತ್ತೆಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಇಪ್ಪತ್ತು ವರ್ಷದಿಂದ ಅವನು ಗರಡಿಯಲ್ಲಿ ಹೇಳುತ್ತಾ ಬಂದ ಮಾತೇ ಇದು. ಹರಿಹರದಲ್ಲಿ, ಕನ್ನಡಕ ಹಾಕಿಕೊಂಡ, ಐದಡಿಯೂ ಇಲ್ಲದ ಒಬ್ಬ ಹೆಣ್ಣುಮಗಳು ಇದನ್ನೇ ಹೇಳುತ್ತಾಳೆ ಅಂದರೆ ಇವಳೂ ಉಸ್ತಾದೇ ಸರಿ. ಅವನು, “ಎರಡು ನಿಮಿಷ ಬಂದೆ,” ಅಂತ ಅಂಗಿ ಕಳಚಿ ಗೂಟಕ್ಕೆ ಹಾಕಿ ಪಡಸಾಲೆಯಲ್ಲಿ ನೂರು ದಂಡ ಹೊಡೆದ, ಇನ್ನೂರು ಬಸ್ಕಿ ತೆಗೆದ. ಎದುರು ಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. ಟೀಚರ್ ಹೇಳಿದ್ದು ಮಣಿಕಟ್ಟು ಎರಡು ಸಲ ತಿರುಗಿಸಿ, ಭುಜ ಸಡಿಲ ಬಿಟ್ಟು, ಅಂಗೈ ಉಜ್ಜಿಕೊಳ್ಳುವ ವಿಷಯ. ಅದನ್ನು ಬಿಡಿಸಿ ಹೇಳುವ ಹೊತ್ತಿಗೆ ಪಾಠದ ಗಂಟೆ ಮುಗಿದಿತ್ತು.

ಎರಡನೇ ಭಾನುವಾರ ಮನಸ್ಸನ್ನು ಬೆಚ್ಚಗೆ ಮಾಡುವ ಪಾಠ. ಕಣ್ಣು ಮುಚ್ಚಿ, ಉಸಿರು ನಿಧಾನ ಎಳೆದು, ನುಡಿಸಬೇಕಾದ ಮಟ್ಟನ್ನು ಮೊದಲು ಒಳಗೇ ಕೇಳಿಸಿಕೊಳ್ಳಬೇಕು. ಗುತ್ತೆಪ್ಪ ಕಣ್ಣು ಮುಚ್ಚಿದ, ಉಸಿರು ಎಳೆದ, ಮೂರನೇ ಉಸಿರಿಗೆ ನಿದ್ದೆ ಹೋದ. ಅವನ ಕಾಲು ಕೆಳಗಿನ ಪೆಡಲ್ ಮೇಲೆ ಭಾರವಾಗಿ ಕೂತಿತ್ತು, ಪೆಡಲ್ ಒತ್ತಿದಾಗ ತಂತಿಗಳೆಲ್ಲ ತಡೆಯಿಲ್ಲದೆ ನಿಲ್ಲುತ್ತವೆ, ಹಾಗಾಗಿ ಅವನ ಗೊರಕೆಗೆ ಪಿಯಾನೊ ಒಳಗಿನ ದಪ್ಪ ತಂತಿಗಳು ಗುಂಯ್ ಅಂತ ದನಿಗೂಡಿಸಿದವು. ಶಹಜಾದಿ ಅಡುಗೆಮನೆಯಿಂದ ಓಡಿ ಬಂದು, “ಅಮ್ಮ, ಯಾರು ನುಡಿಸ್ತಿದಾರೆ?” ಅಂತ ಕೇಳಿದಳು. ಟೀಚರ್, “ಯಾರೂ ಇಲ್ಲ, ಪೈಲ್ವಾನ್ರು ಮಲಗ್ಯಾರೆ,” ಅಂದರು.

ಮೂರನೇ ಭಾನುವಾರ ಮಾತ್ರ ಒಂದು ಸಂಗತಿ ನಡೆಯಿತು. ಗುತ್ತೆಪ್ಪ ಅಂಗೈ ಉಜ್ಜಿಕೊಂಡು ಸುಮ್ಮನೆ ಕೈ ಇಟ್ಟುಕೊಂಡು ಕೂತಿದ್ದಾಗ, ಮಡಚದ ಆ ಕಿರುಬೆರಳು ತನ್ನಷ್ಟಕ್ಕೆ ತಾನೇ ಸ್ವಲ್ಪ ಬಾಗಿ ಒಂದು ಬಿಳಿ ಪಟ್ಟಿಯನ್ನು ಮುಟ್ಟಿತು. ಟಿಣ್ ಅಂತು. ಗುತ್ತೆಪ್ಪ ಕೈ ನೋಡಿಕೊಂಡ. ಅವನ ಕೈಯಿಂದ ಈವರೆಗೆ ಹೊರಟ ಸದ್ದುಗಳೆಲ್ಲ ದೊಡ್ಡ ಸದ್ದುಗಳು. ತೊಡೆ ತಟ್ಟಿದ್ದು, ಎದುರಾಳಿಯ ಬೆನ್ನು ಮಣ್ಣಿಗೆ ಬಿದ್ದದ್ದು, ಅಂಡಿಗೆ ಲಾರಿಯೊಳಗೆ ಉರುಳಿದ್ದು, ಬಾಗಿಲು ಹಾಕಿದ್ದು. ಇಷ್ಟು ಚಿಕ್ಕ ಸದ್ದು ತನ್ನ ಕೈಯೊಳಗೂ ಇತ್ತೇ ಅಂತ ಅವನು ರೈಲಿನಲ್ಲಿ ದಾವಣಗೆರೆಯವರೆಗೂ ಕಿರುಬೆರಳನ್ನೇ ನೋಡಿಕೊಂಡು ಬಂದ. ಅವತ್ತಿನಿಂದ ಡಾಕ್ಟ್ರು, ಬೆರಳಿನ ಔಷಧಿ, ಎಲ್ಲ ಮರೆತುಹೋಯಿತು. ಅವನಿಗೆ ಪಿಯಾನೊ ಬೇಕಾಯಿತು, ಅಷ್ಟೇ.

ಹೀಗಾಗಿ ಈ ನಾಲ್ಕನೇ ಭಾನುವಾರ ಅವನು ಪೂರ್ತಿ ಮರ್ಯಾದೆಯಿಂದ ಬಂದಿದ್ದ. ಸಲಾಮು ಆಯಿತು, ತೊಡೆ ತಟ್ಟಿದ್ದಾಯಿತು, ಫೋಟೊ ಹಿಡಿದದ್ದೂ ಆಯಿತು. ಟೀಚರ್ ಚಹಾ ಹೇಳಲು ಒಳಗೆ ಹೋದರು. ಗುತ್ತೆಪ್ಪ ಆಗ ಸೊಂಟದಿಂದ ಒಂದು ಬಟ್ಟೆಯ ಗಂಟು ಬಿಚ್ಚಿದ. ಅದರಲ್ಲಿ ಗರಡಿಯ ಕೆಮ್ಮಣ್ಣು, ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ್ದು. ಕುಸ್ತಿಗೆ ಇಳಿದವನು ಅದನ್ನು ತನ್ನ ಅಂಗೈಗೆ ಉಜ್ಜಿಕೊಳ್ಳುತ್ತಾನೆ, ಒಂದು ಹಿಡಿ ಎದುರಾಳಿಯ ಮೈಗೂ ಎರಚುತ್ತಾನೆ, ಬೆವರಿಗೆ ಹಿಡಿತ ಜಾರಬಾರದಲ್ಲ, ಅದು ಇಬ್ಬರಿಗೂ ಒಳ್ಳೆಯದು, ಅದು ಧರ್ಮ. ಗುತ್ತೆಪ್ಪ ಧರ್ಮ ತಪ್ಪುವವನಲ್ಲ.

ಟೀಚರ್ ಹೊರಗೆ ಬಂದಾಗ ಪಿಯಾನೊದ ಬಿಳಿ ಪಟ್ಟಿಗಳೆಲ್ಲ ಕೆಂಪಾಗಿದ್ದವು.

“ಏನ್ರಿ ಇದು?”

“ಮಣ್ಣು. ಹನುಮಪ್ಪನ ಮುಂದೆ ಇಟ್ಟು ಪೂಜೆ ಮಾಡಿ ತಂದಿದೀನಿ. ಈಗ ನೋಡ್ರಿ, ಹೆಂಗೆ ಹಿಡಿತ ಸಿಗ್ತೈತೆ.”

ಗುತ್ತೆಪ್ಪ ಕೈ ಇಟ್ಟ. ಕರಕರ ಅಂದಿತು. ಮಧ್ಯದ ಏಳು ಪಟ್ಟಿಗಳು ಕೆಳಗೆ ಹೋದವು, ಮೇಲೆ ಬರಲಿಲ್ಲ. ಅವನು ಒಂದನ್ನು ಉಗುರಿನಿಂದ ಎತ್ತಲು ನೋಡಿದ, ಪಕ್ಕದ ಎರಡು ಕೂತವು. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ನೋಡಿದ್ದು ಬದಲಾಗಿರಲಿಲ್ಲ.

“ಪೈಲ್ವಾನ್ರೇ, ಬಡೇಸಾಬ್ರನ್ನ ಕರೆಸ್ತೀನಿ, ಇದನ್ನ ತೊಳೀಲಿ. ಮುಂದಿನ ಭಾನುವಾರ ಒಂದು ಸರ್ತಿ ಬರ್ರಿ. ಕೋಳಿ ನಡಿಗೆ ನುಡಿಸ್ಬೇಕು. ಎಂಟೇ ಸಾಲು, ಎರಡೂ ಕೈ, ಮೆತ್ತಗೆ. ಬಂತು ಅಂದ್ರೆ ಮುಂದುವರಿಸೋಣ. ಸಾಹೇಬ್ರ ಫೋಟೊ ಒಂದು ಕೂದಲೆಳೆ ಅಲ್ಲಾಡಿತು ಅಂದ್ರೆ ಅವತ್ತಿಗೆ ಪಾಠ ಮುಗೀತು. ಆಮೇಲೆ ನೀವು ಮನ್ಯಾಗೆ ರೊಟ್ಟಿ ಹಿಟ್ಟು ನಾದ್ಕೊಂಡು ಬೆರಳು ಸರಿ ಮಾಡ್ಕೊಳ್ರಿ.”

ಕೋಳಿ ನಡಿಗೆ ಅಂದರೆ ಟೀಚರ್ ಶಾಲೆಯ ಮಕ್ಕಳಿಗೆಂದು ತಾವೇ ಕಟ್ಟಿದ್ದ ಚಿಕ್ಕ ಮಟ್ಟು. ಎಡಗೈ ತಾಯಿ ಕೋಳಿ, ನಿಧಾನ ಹೆಜ್ಜೆ. ಬಲಗೈ ಮರಿಗಳು, ಪುಟುಪುಟು ಓಟ. ಕೊನೆಯಲ್ಲಿ ಹಿಂದೆ ಉಳಿದ ಒಂದೇ ಒಂದು ಮರಿ, ಅದು ಬಲಗೈ ಕಿರುಬೆರಳಿನ ಕೆಲಸ. ಎರಡನೇ ಭಾನುವಾರದಿಂದ ಪಾಠದ ಉಳಿದ ಹೊತ್ತಿನಲ್ಲಿ ಟೀಚರ್ ಇದನ್ನು ಬಾಯಲ್ಲಿ ಎಣಿಸಿ, ಪೆನ್ಸಿಲಿನಿಂದ ಮೇಜು ಕುಟ್ಟಿ, ಯಾವ ಬೆರಳು ಎಲ್ಲಿ ಅಂತ ಹೇಳಿಕೊಟ್ಟಿದ್ದರು. ಗುತ್ತೆಪ್ಪ ನುಡಿಸಿದಾಗ ಕೋಳಿಯ ಬದಲು ಎಮ್ಮೆ ಹೊರಡುತ್ತಿತ್ತು.

ಆ ವಾರ ನಿಟ್ಟುವಳ್ಳಿಯಲ್ಲಿ ನಡೆದದ್ದನ್ನು ಈಗಲೂ ಜನ ಹೇಳಿ ನಗುತ್ತಾರೆ. ಗುತ್ತೆಪ್ಪ ಊರಮ್ಮನ ರೊಟ್ಟಿ ಬಡಿಯುವ ಹಲಗೆ ತೆಗೆದುಕೊಂಡು ಇದ್ದಿಲಿನಿಂದ ಕರಿ ಪಟ್ಟಿ ಬಿಳಿ ಪಟ್ಟಿ ಬರೆದ. ಮಾರನೆಯ ದಿನ ಮನೆಯ ರೊಟ್ಟಿಗಳೆಲ್ಲ ಗೆರೆಗೆರೆಯಾಗಿ ಬಂದವು. ಗರಡಿಯಲ್ಲಿ ಹುಡುಗರಿಗೆ ದಂಡ ಹೊಡೆಯಲು ಹೇಳಿ ತಾನು ಮೂಲೆಯಲ್ಲಿ ಕಣ್ಣು ಮುಚ್ಚಿ ಮಟ್ಟನ್ನು ಮನಸ್ಸಿನೊಳಗೆ ಕೇಳಲು ಕೂತ. ಏನೂ ಕೇಳಿಸಲಿಲ್ಲ. ಗುತ್ತೆಪ್ಪನಿಗೆ ಮನಸ್ಸು ಬೆಚ್ಚಗೆ ಮಾಡಿಕೊಳ್ಳುವುದು ಅಂದರೆ ಎದುರಾಳಿಯನ್ನು ಕಣ್ಣು ಕೆಕ್ಕರಿಸಿ ನೋಡುವುದೊಂದೇ ಗೊತ್ತು. ಹಲಗೆಯನ್ನು ಕೆಕ್ಕರಿಸಿ ನೋಡಿದ. ಹಲಗೆ ಹೆದರಲಿಲ್ಲ.

ಊರಮ್ಮ ರೊಟ್ಟಿಯ ಮೇಲಿನ ಇದ್ದಿಲು ಕೆರೆಯುತ್ತಾ ಹೇಳಿದಳು:

“ಆಯಮ್ಮ ನಿನಗೆ ಹೇಳಿದ್ದು ಕೋಳಿ. ನೀನು ಕೋಳೀನ ಸರಿಯಾಗಿ ನೋಡೀಯೇನು?”

“ದಿನಾ ನೋಡ್ತೀನಿ.”

“ಸಾರಿನಾಗೆ ನೋಡ್ತಿ. ನಡಿಯೋದು ನೋಡೀಯಾ?”

ಮಾತು ನಾಟಿತು. ಅವತ್ತು ಸಂಜೆ ಫ್ಯಾಕ್ಟರಿಯಿಂದ ಬಂದವನೇ ಗುತ್ತೆಪ್ಪ ಪಕ್ಕದ ಓಣಿಯ ತಿಮ್ಮವ್ವನ ಕೋಳಿಯ ಹಿಂದೆ ಬಿದ್ದ. ಅದು ಒಂದು ಹೆಜ್ಜೆ ಇಟ್ಟು ನಿಂತರೆ ಇವನೂ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ. ಅದು ಕತ್ತು ಮುಂದೆ ಮಾಡಿದರೆ ಇವನೂ ಇಲ್ಲದ ಕತ್ತನ್ನು ಮುಂದೆ ಮಾಡುತ್ತಿದ್ದ, ಬೆರಳುಗಳು ಗಾಳಿಯಲ್ಲಿ ಪುಟುಪುಟು ಆಡುತ್ತಿದ್ದವು. ಸೋಮವಾರ, ಮಂಗಳವಾರ ಹೀಗೇ ನಡೆಯಿತು. ಬುಧವಾರ ತಿಮ್ಮವ್ವ ಬಾಗಿಲಿಗೆ ಒರಗಿ ನಿಂತಳು.

“ಏನೋ ಗುತ್ತೆಪ್ಪ, ಮೂರು ದಿನದಿಂದ ನನ್ನ ಕೋಳಿ ಹಿಂದೆ ತಿರುಗ್ತಿದಿ. ಅದಕ್ಕೇನಾದ್ರೂ ಗಂಡು ನೋಡಾಕೆ ಬಂದೀಯೇನು?”

“ಇಲ್ಲವ್ವ, ನಡಿಗೆ ಕಲೀತಿದೀನಿ.”

“ನಿನ್ನ ನಡಿಗಿಗೆ ಏನಾಗೈತೆ?”

“ನನಗಲ್ಲವ್ವ, ಕೈಗೆ.”

ತಿಮ್ಮವ್ವ ಕೋಳಿಯನ್ನೂ ಮರಿಗಳನ್ನೂ ಬುಟ್ಟಿಯ ಕೆಳಗೆ ಮುಚ್ಚಿ, ಬುಟ್ಟಿಯ ಮೇಲೆ ಒಂದು ರುಬ್ಬುವ ಗುಂಡು ಇಟ್ಟು, ತಾನೂ ಪಕ್ಕದಲ್ಲಿ ಕೂತಳು. ಗುರುವಾರದಿಂದ ಗುತ್ತೆಪ್ಪನಿಗೆ ಕೋಳಿ ಸಿಗಲಿಲ್ಲ.

ಐದನೇ ಭಾನುವಾರ ಬಂತು. ಟೀಚರ್ ಮನೆಯಲ್ಲಿ ಏನೂ ಅದುರಬಾರದು ಅಂತ ಗುತ್ತೆಪ್ಪ ಮೈ ಬೆಚ್ಚಗೆ ಮಾಡುವ ಕೆಲಸವನ್ನೆಲ್ಲ ದಾವಣಗೆರೆ ಪ್ಲಾಟ್‌ಫಾರ್ಮಿನಲ್ಲೇ ಮುಗಿಸಿದ. ನೀರಿನ ಟ್ಯಾಂಕಿನ ಹಿಂದೆ ಐವತ್ತು ಬಸ್ಕಿ ತೆಗೆಯುತ್ತಿದ್ದಾಗ ಒಬ್ಬ ಪೋರ್ಟರು ನಿಂತು, “ಯಾರು ಶಿಕ್ಷೆ ಕೊಟ್ರು ಅಣ್ಣಾ?” ಅಂತ ಮರುಕದಿಂದ ಕೇಳಿದ. ಗುತ್ತೆಪ್ಪ, “ಇನ್ನೂ ಕೊಟ್ಟಿಲ್ಲ, ಹರಿಹರದಾಗೆ ಕೊಡ್ತಾರೆ,” ಅಂದ. ಸೊಂಟದಲ್ಲಿ ಮಣ್ಣಿನ ಗಂಟು ಇರಲಿಲ್ಲ. ಅದರ ಬದಲು ಊರಮ್ಮ ಕಾಯಿಸಿ ಕೊಟ್ಟ ಎಳ್ಳೆಣ್ಣೆಯ ಸೀಸೆ ಇತ್ತು, ಬೆಳ್ಳುಳ್ಳಿ, ಓಮ, ಕರ್ಪೂರ ಹಾಕಿದ್ದು, ಬೆರಳಿಗೆ ದಿನಾ ಹಚ್ಚುವಂಥದ್ದು. ಅದರ ವಾಸನೆಗೆ ಬೋಗಿಯಲ್ಲಿ ಅವನ ಅಕ್ಕಪಕ್ಕ ಯಾರೂ ಕೂರಲಿಲ್ಲ.

ಹರಿಹರದಲ್ಲಿ ಹೊಳೆಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು. ಟೀಚರ್ ಶಾಲಿನೊಳಗೆ ಎರಡೂ ಕೈ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಪಿಯಾನೊ ತೊಳೆದು ಹೊಳೆಯುತ್ತಿತ್ತು, ಅರಿಶಿನದ ಘಮ ಮಾತ್ರ ಹಾಗೇ ಉಳಿದಿತ್ತು. ಗುತ್ತೆಪ್ಪ ಕಳ್ಳನ ಹಾಗೆ ತುದಿಗಾಲಲ್ಲಿ ಬಂದ, ತೊಡೆ ತಟ್ಟಲಿಲ್ಲ, ಸ್ಟೂಲ್ ಸರಿಸಿ ಕೂತ. ಗಾರ್ಡ್ ಸಾಹೇಬರನ್ನು ಒಂದು ಸಲ ನೋಡಿದ. ಸಾಹೇಬರು ಇವನನ್ನು ನೋಡಿದರು.

“ಮೈ ಬೆಚ್ಚಗಾಗೈತಾ?” ಟೀಚರ್ ಕೇಳಿದರು.

“ಆಗೈತ್ರಿ.”

“ಮನಸ್ಸು?”

ಗುತ್ತೆಪ್ಪ ಕಣ್ಣು ಮುಚ್ಚಿದ. ಕಾಲನ್ನು ಪೆಡಲಿನಿಂದ ದೂರ ಇಟ್ಟ. ಉಸಿರು ಎಳೆದ, ಬಿಟ್ಟ. ತಿಮ್ಮವ್ವನ ಕೋಳಿ ಬಂತು, ಮರಿಗಳು ಬಂದವು, ತಿಮ್ಮವ್ವನೂ ಬಂದಳು, ರುಬ್ಬುವ ಗುಂಡೂ ಬಂತು. ಮಟ್ಟು ಬರಲಿಲ್ಲ. ಅವನ ಹಣೆಯಲ್ಲಿ ಬೆವರು ಹನಿಯಿತು. ಈಗ ಕೈ ಇಟ್ಟರೆ ಎಮ್ಮೆಯೇ ಹೊರಡುತ್ತದೆ, ಫೋಟೊ ಜಾರುತ್ತದೆ, ಮುಂದಿನ ಭಾನುವಾರದಿಂದ ರೊಟ್ಟಿ ಹಿಟ್ಟು. ಕಿರುಬೆರಳಿನ ಆ ಟಿಣ್ ಮತ್ತೆ ಕೇಳುವುದಿಲ್ಲ. ಅವನು ಕಣ್ಣು ತೆರೆದ.

“ಟೀಚರ್ರೇ, ಕೋಳಿ ಬಂತು, ಮಟ್ಟು ಬರ್ಲಿಲ್ಲ.”

“ಮೊದ್ಲು ಒಳಗೆ ಕೇಳ್ರಿ ಅಂತ ಎಷ್ಟು ಸರ್ತಿ ಹೇಳಿದೀನಿ.”

“ಅದಕ್ಕೇ ಕೇಳ್ತಿದೀನಿ, ಬೈಬ್ಯಾಡ್ರಿ. ಕಿವೀಲಿ ಒಂದು ಸರ್ತೀನೂ ಕೇಳದ್ದನ್ನ ಒಳಗೆ ಹೆಂಗೆ ಕೇಳ್ಲಿ? ನೀವು ಹೇಳಿದೀರಿ, ಎಣಿಸಿದೀರಿ, ಪೆನ್ಸಿಲ್ ಕುಟ್ಟಿದೀರಿ. ನುಡಿಸಿ ತೋರ್ಸಿಲ್ಲ. ನಾನು ಹುಡುಗರಿಗೆ ಪಟ್ಟು ಹೇಳ್ಕೊಟ್ರೆ ಮೊದ್ಲು ಹಾಕಿ ತೋರಿಸ್ತೀನಿ, ಆಮೇಲೆ ಅವರು ಹಾಕ್ತಾರೆ.”

ಟೀಚರ್ ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ಅಡುಗೆಮನೆಯ ಬಾಗಿಲಿನಿಂದ ಶಹಜಾದಿ ಹೇಳಿದಳು:

“ಎಂಟು ವರ್ಷ ಆತು ಪೈಲ್ವಾನ್ರೇ, ಅಮ್ಮ ಅದನ್ನ ನುಡಿಸಿ.”

“ಶಹಜಾದಿ, ಹಾಲು ಉಕ್ಕತೈತೆ ನೋಡು.”

“ಹಾಲಿನವನು ಇನ್ನೂ ಬಂದೇ ಇಲ್ಲಮ್ಮ.”

ಗುತ್ತೆಪ್ಪ ಸ್ಟೂಲನ್ನು ಕುರ್ಚಿಯ ಕಡೆ ತಿರುಗಿಸಿದ. ಗರಡಿಯಲ್ಲಿ ಕೈಕಾಲು ಉಳುಕಿದವರು ಅವನ ಮುಂದೆ ಕೂತಾಗ ಬರುವ ದನಿಯೇ ಈಗ ಅವನಿಗೆ ಬಂತು. “ಟೀಚರ್ರೇ, ಕೈ ತೋರಿಸ್ರಿ,” ಅಂದ. ಅವರು ತೋರಿಸಲಿಲ್ಲ. ಅವನು ಕಾದ. ಕುಸ್ತಿಯಲ್ಲಿ ಕಾಯುವುದು ಅವನಿಗೆ ಚೆನ್ನಾಗಿ ಗೊತ್ತು. ಕೊನೆಗೆ ಶಾಲಿನೊಳಗಿಂದ ಎರಡು ಚಿಕ್ಕ ಕೈಗಳು ಹೊರಬಂದವು. ಬೆರಳ ಗಿಣ್ಣುಗಳು ಹುಣಸೆಕಾಯಿಯ ಹಾಗೆ ಉಬ್ಬಿದ್ದವು, ತುದಿಗಳು ಬಿಳಚಿಕೊಂಡಿದ್ದವು.

“ವಯಸ್ಸಾತು, ಥಂಡಿ ಬೇರೆ. ಮಡಚಂಗಿಲ್ಲ,” ಅಂದರು ಟೀಚರ್, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ.

“ವಯಸ್ಸು ನಾನು ನೋಡಂಗಿಲ್ಲ. ಈ ಕೈ ತಣ್ಣಗೈತೆ. ತಣ್ಣನೆ ಮೈ ಕೂರಂಗಿಲ್ಲ ಅಂತ ಹೇಳಿದ್ದು ಯಾರು? ನನಗೆ ನಾಲ್ಕು ವಾರ ಸಾಮು ಮಾಡ್ಸಿ, ಉಸ್ತಾದ್ರು ಮಾತ್ರ ಶಾಲಿನಾಗೆ ಕೂತಿದೀರಿ.” ಅವನು ಸೀಸೆ ಹೊರಗೆ ತೆಗೆದ. “ಶಹಜಾದಿ ಬೇಗಂ, ಇದನ್ನ ಕೆಂಡದ ಮೇಲೆ ಬೆಚ್ಚಗೆ ಮಾಡ್ಕೊಂಡು ಬರ್ರಿ.”

ಬೇಗಂ ಅಂತ ಕರೆಸಿಕೊಂಡ ಖುಷಿಗೆ ಶಹಜಾದಿ ಓಡಿದಳು. ಆಮೇಲೆ ಅವಳು ನೆಲದ ಮೇಲೆ ಕೂತು ಟೀಚರ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ಹಚ್ಚತೊಡಗಿದಳು. ಗುತ್ತೆಪ್ಪ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತು, ದೂರದಿಂದಲೇ ಅಪ್ಪಣೆ ಕೊಡುತ್ತಾ ಹೋದ.

“ಮಣಿಕಟ್ಟಿಂದ ಶುರು ಮಾಡ್ರಿ. ತುದಿಗೆ ಎಳೀಬ್ಯಾಡ್ರಿ, ಅದು ಎಮ್ಮಿ ಕೆಚ್ಚಲು ಅಲ್ಲ. ಹೆಬ್ಬೆರಳಿಂದ ಗಿಣ್ಣು ಸುತ್ತಬೇಕು, ಸಣ್ಣಗೆ, ಸಣ್ಣಗೆ. ಹಾಂ. ಈಗ ಭುಜ. ಟೀಚರ್ರೇ, ಭುಜ ಸಡಿಲ ಬಿಡ್ರಿ, ನೀವೇ ಹೇಳಿದ್ದು.”

“ಬಿಟ್ಟೀನಿ.”

“ಬಿಟ್ಟಿಲ್ಲ. ಕಿವಿ ಹತ್ರ ಐತೆ ಭುಜ.”

“ನೀವು ನನಗೆ ಪಾಠ ಹೇಳಾಕೆ ಬಂದೀರೋ, ಕಲಿಯಾಕೆ ಬಂದೀರೋ?”

“ಮೈ ಬೆಚ್ಚಗಾಗೋತನ ನಾನು ಉಸ್ತಾದ್. ಆಮೇಲೆ ನೀವು.”

ಅರ್ಧ ಗಂಟೆ ಹೀಗೆ ಕಳೆಯಿತು. ಮನೆ ಪೂರ್ತಿ ಬೆಳ್ಳುಳ್ಳಿ ಕರ್ಪೂರದ ವಾಸನೆ ತುಂಬಿಕೊಂಡಿತು. ಎದುರು ಮನೆಯವರು ಕಿಟಕಿಗೆ ಬಂದು, ಇವತ್ತು ದಂಡ ಇಲ್ಲವೇ ಅಂತ ಇಣುಕಿ ಹೋದರು. ಶಹಜಾದಿ ಕಡಲೆ ಹಿಟ್ಟು ಹಾಕಿ ಟೀಚರ ಕೈ ತೊಳೆದಳು, ಬೆಚ್ಚನೆ ಬಟ್ಟೆಯಲ್ಲಿ ಒರೆಸಿದಳು. ಟೀಚರ್ ಕಿರುಬೆರಳನ್ನು ಮಡಚಿ ನೋಡಿದರು. ಮಡಚಿತು. ಬಿಡಿಸಿದರು, ಇನ್ನೊಂದು ಸಲ ಮಡಚಿದರು.

“ಏಳ್ರಿ ಆ ಸ್ಟೂಲಿಂದ,” ಅಂದರು.

ಗುತ್ತೆಪ್ಪ ಎದ್ದು ಗೋಡೆಗೆ ಒರಗಿ ನಿಂತ. ಟೀಚರ್ ಕೂತರು, ಕಣ್ಣು ಮುಚ್ಚಿ ಒಂದು ಉಸಿರು ಎಳೆದರು, ಕೈ ಇಟ್ಟರು. ತಾಯಿ ಕೋಳಿ ಅಂಗಳಕ್ಕೆ ಇಳಿಯಿತು. ನಿಧಾನ, ಒಂದು ಹೆಜ್ಜೆ, ನಿಂತು ನೋಡಿ ಇನ್ನೊಂದು ಹೆಜ್ಜೆ. ಹಿಂದೆಯೇ ಮರಿಗಳು ಪುಟುಪುಟು. ಮೂರನೇ ಸಾಲಿನಲ್ಲಿ ಒಂದು ಬೆರಳು ತಪ್ಪಿ ಮರಿಯೊಂದು ಚರಂಡಿಗೆ ಬಿದ್ದ ಹಾಗಾಯಿತು. ಟೀಚರ್ ತಾವೇ ಕಿಸಕ್ಕನೆ ನಕ್ಕು, ಅದನ್ನು ಎತ್ತಿಕೊಂಡು ಮುಂದೆ ಹೋದರು. ಎಂಟನೇ ಸಾಲಿನ ಕೊನೆಯಲ್ಲಿ ಎಲ್ಲ ಒಳಗೆ ಹೋದ ಮೇಲೆ, ಹಿಂದೆ ಉಳಿದ ಒಂದೇ ಮರಿ, ಟಿಣ್. ಶಹಜಾದಿ ಎಣ್ಣೆಯ ಕೈಯಲ್ಲೇ ಕಣ್ಣು ಒರೆಸಿಕೊಂಡು, ಬೆಳ್ಳುಳ್ಳಿ ಉರಿಗೆ “ಯಾ ಅಲ್ಲಾ” ಅಂತ ನೀರಿಗೆ ಓಡಿದಳು.

“ಇನ್ನೊಂದು ಸರ್ತಿ,” ಅಂದ ಗುತ್ತೆಪ್ಪ.

ಟೀಚರ್ ಇನ್ನೊಂದು ಸಲ ನುಡಿಸಿದರು. ಆಮೇಲೆ ಯಾರೂ ಕೇಳದೆಯೇ ಮೂರನೇ ಸಲವೂ ನುಡಿಸಿದರು.

ಗುತ್ತೆಪ್ಪನ ಸರದಿ ಬಂತು. ಅವನು ಕೂತು ಕಣ್ಣು ಮುಚ್ಚಿದ. ಈ ಸಲ ತಿಮ್ಮವ್ವ ಬರಲಿಲ್ಲ, ಗುಂಡು ಬರಲಿಲ್ಲ, ಮಟ್ಟು ಬಂತು. ಅದು ಒಳಗೆ ಒಂದು ಸುತ್ತು ನಡೆದು ಮುಗಿಯುವವರೆಗೂ ಕಾದು, ಕೈ ಇಟ್ಟ. ಕೋಳಿ ನಡೆಯಿತು. ಸ್ವಲ್ಪ ದಪ್ಪ ಕೋಳಿ, ಒಂದು ಕಾಲು ಕುಂಟು, ಆದರೆ ಕೋಳಿಯೇ. ಮರಿಗಳು ಒಂದರ ಮೇಲೊಂದು ಬಿದ್ದವು, ಎದ್ದವು, ಓಡಿದವು. ಏಳನೇ ಸಾಲಿಗೆ ಬಂದಾಗ ಗುತ್ತೆಪ್ಪ ಉಸಿರು ಹಿಡಿದ. ಟೀಚರ ಕಣ್ಣು ಫೋಟೊ ಮೇಲಿತ್ತು. ಶಹಜಾದಿ ಫೋಟೊ ಕೆಳಗೆ, ಬಿದ್ದರೆ ಹಿಡಿಯೋಣ ಅಂತ ಸೆರಗು ಚಾಚಿ ನಿಂತುಬಿಟ್ಟಿದ್ದಳು. ಎಂಟನೇ ಸಾಲು ಮುಗಿಯಿತು, ಹಿಂದುಳಿದ ಮರಿ ಮಾತ್ರ ಬಾಕಿ. ಕಿರುಬೆರಳು ಯೋಚನೆ ಮಾಡಿತು. ಆಮೇಲೆ ಬಾಗಿತು.

ಟಿಣ್.

ಸಾಹೇಬರು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಟೀಚರ್ ಹತ್ತಿರ ಹೋಗಿ ಫೋಟೊವನ್ನು ಬೆರಳಿನಿಂದ ಮುಟ್ಟಿ ನೋಡಿದರು, ಯಾರಾದರೂ ಅಂಟು ಹಚ್ಚಿದ್ದಾರೋ ಏನೋ ಅಂತ.

“ಕುಂಟ್ತೈತೆ ನಿಮ್ಮ ಕೋಳಿ,” ಅಂದರು.

“ನಿಮ್ಮ ಮರಿ ಚರಂಡಿಗೆ ಬಿತ್ತಲ್ರಿ.”

“ಅದು ಎಂಟು ವರ್ಷದ ಮೇಲೆ ಹೊರಗೆ ಬಂದ ಮರಿ.”

“ಇದೂ ಟ್ರಂಕಿಂದ ಹೊರಗೆ ಬಂದ ಮರಿ,” ಅಂದುಬಿಟ್ಟ ಗುತ್ತೆಪ್ಪ. ಆಮೇಲೆ ಟ್ರಂಕಿನ ಕಥೆಯನ್ನು ಪೂರ್ತಿ ಹೇಳಬೇಕಾಯಿತು. ಊರಮ್ಮ ಚಿಲಕ ಇನ್ನೂ ಬಿದ್ದಿಲ್ಲ ಅಂದ ಜಾಗಕ್ಕೆ ಬಂದಾಗ ಶಹಜಾದಿ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು, ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು.

ಗುತ್ತೆಪ್ಪ ಹೊರಟಾಗ ಟೀಚರ್ ಗೇಟಿನವರೆಗೂ ಬಂದರು. ಶಾಲು ಒಳಗೇ ಉಳಿದಿತ್ತು.

“ಮುಂದಿನ ಭಾನುವಾರ ಹತ್ತಕ್ಕೆ ಬರಬ್ಯಾಡ್ರಿ. ಒಂಬತ್ತೂವರೆಗೆ ಬರ್ರಿ. ಮೊದ್ಲ ಅರ್ಧ ಗಂಟೆ ನನ್ನ ಕೈಗೆ, ಆಮೇಲೆ ನಿಮ್ಮ ಪಾಠ. ಆ ಎಣ್ಣೆ ಇನ್ನೊಂದು ಸೀಸೆ ಕಾಯಿಸಾಕೆ ನಿಮ್ಮ ಮನ್ಯಾಗೆ ಹೇಳ್ರಿ. ಊರಮ್ಮನ್ನೂ ಕರ್ಕೊಂಡು ಬರ್ರಿ, ನಾನು ನೋಡ್ಬೇಕು.”

“ಬರ್ತಾಳ್ರಿ. ಸ್ಟೂಲ್ ಮೇಲೆ ಮಾತ್ರ ಕೂರಿಸ್ಬ್ಯಾಡ್ರಿ.”

“ಮಣ್ಣು?”

“ತರಂಗಿಲ್ಲ.”

“ತೊಡಿ ತಟ್ಟೋದು?”

ಗುತ್ತೆಪ್ಪ ಗೇಟು ದಾಟಿ, ಓಣಿಯ ನಡುವೆ ನಿಂತು, ಮನೆಗೂ ತನಗೂ ಎಷ್ಟು ದೂರ ಅಂತ ಕಣ್ಣಲ್ಲೇ ಅಳೆದ.

“ಇಲ್ಲಿಂದ ತಟ್ಟಿ ಒಳಗೆ ಬರ್ತೀನ್ರಿ. ಭಾನುವಾರ, ಒಂಬತ್ತೂವರೆ,” ಅಂದ.